ಪ್ರತಿಕ್ರಿಯೆ: ರಿಪೇರಿಯವರು ಪಿನ್ ಕೇಳಿದರೆ ಕೊಡಬೇಕೇ?

ಪರದೆ ಬದಲಿಸಲು ಫೋನ್ ಬಿಟ್ಟುಹೋಗುವಾಗ ಪಿನ್ ಬರೆದುಕೊಡಿ ಎನ್ನುತ್ತಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಆ ನಾಲ್ಕೋ ಆರೋ ಅಂಕಿ ಬರೀ ಪರದೆಯ ಬೀಗವಲ್ಲ. ಅದು ಗೊತ್ತಿದ್ದವರು ತಮ್ಮ ಬೆರಳಚ್ಚನ್ನೇ ಹೊಸದಾಗಿ ಸೇರಿಸಬಹುದು, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ತೆರೆದು ನೋಡಬಹುದು. ಒಟಿಪಿ ಬರುವುದೂ ಅಲ್ಲಿಗೇ!

ನಿಮ್ಮದು ಸ್ಯಾಮ್‌ಸಂಗ್ ಅಂದಿರಿ. ಸೆಟ್ಟಿಂಗ್ಸ್‌ನಲ್ಲಿ ಮೆಂಟೆನೆನ್ಸ್ ಮೋಡ್ ಹುಡುಕಿ (ಈಚಿನ ಹಲವು ಮಾದರಿಗಳಲ್ಲಿದೆ). ಆನ್ ಮಾಡಿದರೆ ಫೋನ್ ಹೊಸದರಂತೆ ಖಾಲಿಯಾಗಿ ತೆರೆಯುತ್ತದೆ. ಟಚ್, ಕ್ಯಾಮೆರಾ ಪರೀಕ್ಷಿಸಬಹುದು, ನಿಮ್ಮ ಫೋಟೊ, ಮೆಸೇಜು ಕಾಣುವುದಿಲ್ಲ. ಅದರಿಂದ ಹೊರಬರಲು ನಿಮ್ಮ ಬೀಗವನ್ನೇ ತೆರೆಯಬೇಕು.

ಪರದೆ ಪೂರ್ತಿ ಕಪ್ಪಾಗಿದ್ದರೆ, ಹೊಸದು ಕೂರಿಸಿದ ಮೇಲೆ ಎದುರಿಗಿದ್ದು ನೀವೇ ಪಿನ್ ಒತ್ತಿ ನೋಡಿ.

ಈಗಾಗಲೇ ಕೊಟ್ಟಾಗಿದ್ದರೆ, ಫೋನ್ ಕೈಗೆ ಬಂದೊಡನೆ ಪಿನ್ ಬದಲಿಸಿ. ಎಷ್ಟು ಬೆರಳಚ್ಚುಗಳಿವೆ ಎಂದೂ ಎಣಿಸಿ.