ಮಗಳು ತಾಂಜಾನಿಯಾಕ್ಕೆ ಹೊರಟಿದ್ದಾಳೆ, ಅಲ್ಲಿ ಊಟ ಏನು?

ನಿಮ್ಮ ಪ್ರಶ್ನೆ, ಸಿಸ್ಟರ್ ಉತ್ತರ

ಪ್ರಶ್ನೆ: ಸಿಸ್ಟರ್, ನನ್ನ ಮಗಳು ನರ್ಸಿಂಗ್ ಮುಗಿಸಿ ಕಾನ್ವೆಂಟಿಗೆ ಸೇರಿದವಳು. ಈಗ 26 ವರ್ಷ. ತಾಂಜಾನಿಯಾದ ಮ್ವಾಂಜಾ ಕಡೆಯ ಒಂದು ಹಳ್ಳಿಗೆ ಮಿಷನ್ ಕೆಲಸಕ್ಕೆ ಕಳಿಸುತ್ತಿದ್ದಾರೆ. ಅಲ್ಲಿ ದಿನಾ ಏನು ಕೆಲಸ, ಏನು ಊಟ, ಜ್ವರ ಬಂದರೆ ಯಾರು ನೋಡ್ತಾರೆ ಅಂತ ಕೇಳಿದರೆ ‘ದೇವರು ನೋಡ್ಕೋತಾನೆ ಅಮ್ಮ’ ಅಂತಾಳೆ. ನನಗೆ ನಿದ್ದೆ ಬರ್ತಿಲ್ಲ. ನೀವು ಅದೇ ಕಡೆ ಇದ್ದವರಂತೆ, ಸ್ವಲ್ಪ ಹೇಳ್ತೀರಾ?
– ಒಬ್ಬ ತಾಯಿ, ಬೆಳ್ತಂಗಡಿ

ಉತ್ತರ: ಅಕ್ಕಾ, ದೇವರು ನೋಡಿಕೊಳ್ಳುತ್ತಾನೆ, ಸರಿ. ಆದರೆ ಸೊಳ್ಳೆಪರದೆ ನಾವೇ ಕಟ್ಟಿಕೊಳ್ಳಬೇಕು. ಮಗಳಿಗೆ ಇದನ್ನು ಹೇಳಿ.

ಮೊದಲು ಊಟ. ಅಲ್ಲಿ ದಿನದ ಊಟ ಉಗಾಲಿ. ಜೋಳದ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ ಪಲ್ಯ ಎತ್ತಿಕೊಳ್ಳುವುದು. ಘಟ್ಟದ ಮೇಲಿನವರು ಆಗಿದ್ದರೆ ‘ಓ, ಬಿಳಿ ಮುದ್ದೆ’ ಅಂತ ಸಲೀಸಾಗಿ ಉಣ್ಣುತ್ತಿದ್ದರು. ನಾವು ಕುಚ್ಚಲಕ್ಕಿಯವರು, ಸ್ವಲ್ಪ ಕಷ್ಟ. ಆದರೆ ಜೊತೆಗೆ ಬರುವ ಸೊಪ್ಪು ಮ್ಚಿಚಾ, ನಮ್ಮ ಹರಿವೆಯೇ. ವಿಕ್ಟೋರಿಯಾ ಸರೋವರದ ದಗಾ ಅನ್ನೋ ಪುಟ್ಟ ಮೀನನ್ನು ಮರಳ ಮೇಲೆ ಒಣಗಿಸಿ ಮಾರುತ್ತಾರೆ. ಟೊಮೆಟೊ, ಈರುಳ್ಳಿ ಹಾಕಿ ಹುರಿದರೆ ಊಟ ಜಾಸ್ತಿಯೇ ಸೇರುತ್ತದೆ. ತೊಗರಿಯನ್ನೂ ಆ ದೇಶದಲ್ಲಿ ಬೆಳೆಯುತ್ತಾರೆ, ನಮ್ಮ ದೇಶಕ್ಕೇ ಕಳಿಸುತ್ತಾರೆ. ಮ್ವಾಂಜಾ ಪೇಟೆಯಲ್ಲಿ ಗುಜರಾತಿಗಳ ಅಂಗಡಿಗಳಿವೆ, ಜೀರಿಗೆ ಸಾಸಿವೆಗೆ ಚಿಂತೆ ಇಲ್ಲ. ನೀವು ಕೊಡುವುದಾದರೆ ಉಪ್ಪಿನಕಾಯಿ ಕೊಡಿ, ಸಾಕು. ಅಕ್ಕಿ ಮೂಟೆ ಕಟ್ಟಬೇಡಿ, ವಿಮಾನದಲ್ಲಿ ತೂಕಕ್ಕೆ ದುಡ್ಡು ಕೇಳುತ್ತಾರೆ.

ಜ್ವರದ ವಿಷಯ. ಮಲೇರಿಯಾ ಬರುತ್ತದೆ, ಬರಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟರೆ ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಆಮೇಲೆ ‘ಮ್ಸೆತೋ’ ಅನ್ನೋ ಮಲೇರಿಯಾ ಮಾತ್ರೆ. ದೊಡ್ಡವರಿಗೆ ಒಂದು ಸಲಕ್ಕೆ 4, ದಿನಕ್ಕೆ 2 ಸಲ, 3 ದಿನ. ಎರಡನೇ ದಿನಕ್ಕೇ ಜ್ವರ ಬಿಟ್ಟಿತು ಅಂತ ಉಳಿದ ಮಾತ್ರೆ ಎತ್ತಿಡುವವರನ್ನು ಬೈದು ಬೈದು ನನ್ನ ಗಂಟಲು ಒಣಗಿದೆ. ನಿಮ್ಮ ಮಗಳು ನರ್ಸ್, ಇದೆಲ್ಲ ಅವಳಿಗೆ ಗೊತ್ತು. ಅವಳಿಗೆ ಗೊತ್ತಿರಲಾರದ ಎರಡು ಮಾತು ಹೇಳುತ್ತೇನೆ. ಸರೋವರ ಎಷ್ಟೇ ಚೆಂದ ಕಂಡರೂ ದಡದ ನೀರಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಬಸವನಹುಳದಿಂದ ಬರುವ ಸಣ್ಣ ಹುಳ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಇನ್ನೊಂದು, ಹೊರಗೆ ಒಣಗಿಸಿದ ಬಟ್ಟೆಯನ್ನು ಇಸ್ತ್ರಿ ಮಾಡದೆ ಹಾಕಿಕೊಳ್ಳಬಾರದು, ಒಳಬಟ್ಟೆಯನ್ನೂ. ಒದ್ದೆ ಬಟ್ಟೆಯ ಮೇಲೆ ಒಂದು ಜಾತಿಯ ನೊಣ ಮೊಟ್ಟೆ ಇಡುತ್ತದೆ, ಮರಿ ಚರ್ಮ ಹೊಕ್ಕು ಕುರು ಆಗುತ್ತದೆ. ಕರೆಂಟ್ ಇಲ್ಲದ ದಿನ ಇದ್ದಿಲ ಇಸ್ತ್ರಿಪೆಟ್ಟಿಗೆ ಇದೆ. ಓದಿ ಹೆದರಬೇಡಿ, ಹಲ್ಲುಜ್ಜುವಷ್ಟೇ ಅಭ್ಯಾಸ ಆಗಿಬಿಡುತ್ತದೆ.

ದಿನ ಹೇಗೆ ಅಂದರೆ, ಕತ್ತಲಲ್ಲೇ ಎದ್ದು ಪ್ರಾರ್ಥನೆ, ಪೂಜೆ, ಒಂದು ಲೋಟ ಚಹಾ, ಮಂದಾಜಿ ಅನ್ನೋ ಕರಿದ ತಿಂಡಿ. 8ಕ್ಕೆ ಡಿಸ್ಪೆನ್ಸರಿ. ಅಲ್ಲಿಯವರ ಲೆಕ್ಕದಲ್ಲಿ ಅದು 2 ಗಂಟೆ! ಅವರು ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ 7 ಅವರಿಗೆ 1.

ಮಕ್ಕಳ ತೂಕ ನೋಡುವ ದಿನ ನನಗೆ ಬಲು ಇಷ್ಟ. ತಾಯಂದಿರು ಕಾಂಗಾ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೈಲಿಗಟ್ಟಲೆ ನಡೆದು ಬಂದಿರುತ್ತಾರೆ. ತೊಲೆಯಿಂದ ಗಡಿಯಾರದಂಥ ತಕ್ಕಡಿ ನೇತಾಡುತ್ತಿರುತ್ತದೆ. ಮಗುವಿನ ಕಾಲುಗಳನ್ನು ಒಂದು ಬಟ್ಟೆಯ ಚಡ್ಡಿಯೊಳಗೆ ತೂರಿಸಿ, ಅದರ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಡುವುದು. ಮಗು ಗಾಳಿಯಲ್ಲಿ ಕಾಲಾಡಿಸುತ್ತ ಕಿರುಚುತ್ತದೆ, ಮುಳ್ಳು ನಿಲ್ಲುವುದೇ ಇಲ್ಲ. ಅರ್ಧ ಕಿರುಚಾಟ ತಕ್ಕಡಿಗೆ, ಇನ್ನರ್ಧ ನನ್ನ ಮುಖ ನೋಡಿ. ಬೆಂಚಿನಲ್ಲಿ ಕೂತ ಅಜ್ಜಿಯರಿಗೆ ಒಳ್ಳೆ ಮನರಂಜನೆ.

ನಿಜವಾದ ಕಷ್ಟ ಇದ್ಯಾವುದೂ ಅಲ್ಲ ಅಕ್ಕಾ. ಮೊದಲ ತಿಂಗಳುಗಳಲ್ಲಿ ಬಾಯೇ ಇರುವುದಿಲ್ಲ. ಇಲ್ಲಿ ವಾರ್ಡ್ ನಡೆಸಿದವಳು ಅಲ್ಲಿ ಸ್ವಾಹಿಲಿ ಕಾಗುಣಿತ ಕಲಿಯುತ್ತ ಕೂರಬೇಕು. ಅಷ್ಟು ಕಲಿತು ಹಳ್ಳಿಗೆ ಹೋದರೆ ಅಜ್ಜಿಯರು ಸುಕುಮಾ ಭಾಷೆಯಲ್ಲಿ ಮಾತಾಡುತ್ತಾರೆ, ಅದು ಬೇರೆಯೇ. ಬಂದವರನ್ನು ನೇರವಾಗಿ ‘ಏನು ನೋವು?’ ಅಂತ ಕೇಳುವ ಹಾಗೂ ಇಲ್ಲ. ಹಿರಿಯರಿಗೆ ‘ಶಿಕಾಮೋ’ ಅನ್ನಬೇಕು, ಅವರು ‘ಮರಹಾಬಾ’ ಅನ್ನುವವರೆಗೆ ನಿಲ್ಲಬೇಕು. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಆಮೇಲೆ ಹೊಟ್ಟೆನೋವು. ಹೊರಗೆ ಐವತ್ತು ಜನ ಕಾಯುತ್ತಿರಲಿ, ಇದು ತಪ್ಪುವ ಹಾಗಿಲ್ಲ. ಸಂಜೆ ಏಳರ ಸುಮಾರಿಗೆ ಕತ್ತಲಾಗುತ್ತದೆ, ಕಾನ್ವೆಂಟಿನಲ್ಲಿ ಮೂರೋ ನಾಲ್ಕೋ ಜನ. ಒಬ್ಬರ ಊರಿನ ತಮಾಷೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಆಗ ಮನೆ ನೆನಪಾಗುತ್ತದೆ.

ಹಾಗಾಗಿ ಫೋನಿನ ವಿಷಯ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ 7ಕ್ಕೆ ಮಾಡಿದರೆ ಅವಳಿಗೆ ನಾಲ್ಕೂವರೆ, ಪಾಪ. ಭಾನುವಾರ ಸಂಜೆ ಐದೂವರೆಗೆ ಮಾಡಿ, ಅಲ್ಲಿ ಮಧ್ಯಾಹ್ನ 3, ಬಿಡುವಿರುತ್ತದೆ. ‘ಯಾವಾಗ ಬರ್ತೀ?’ ಅಂತ ಪ್ರತಿ ಸಲ ಕೇಳಬೇಡಿ. ಹಟ್ಟಿಯಲ್ಲಿ ದನ ಕರು ಹಾಕಿತಾ, ಪಕ್ಕದ ಮನೆಯವರ ಬೇಲಿ ಜಗಳ ಎಲ್ಲಿಗೆ ಬಂತು, ಅದನ್ನು ಹೇಳಿ. ನನ್ನ ಅಮ್ಮ ಅಡಿಕೆ ರೇಟು ಹೇಳುತ್ತಿದ್ದರು. ನನಗೆ ಅಷ್ಟೇ ಬೇಕಿತ್ತು.

ಪ್ರಶ್ನೆ: ಬೇರೆ ದೇಶಕ್ಕೆ ಹೋಗಿ ಅಲ್ಲಿಯವರ ಧರ್ಮ ಬದಲಿಸುವುದೇ ಮಿಷನರಿಗಳ ಕೆಲಸ ಅಲ್ವಾ? ಸಿಟ್ಟಿಲ್ಲದೆ ಉತ್ತರಿಸಿ.
– ಓದುಗ, ಬೆಂಗಳೂರು

ಉತ್ತರ: ಸಿಟ್ಟು ಯಾಕೆ, ಕೇಳಬೇಕಾದ ಪ್ರಶ್ನೆಯೇ. ತಾಂಜಾನಿಯಾಕ್ಕೆ ಮೊದಲು ಯುರೋಪಿನ ಪಾದ್ರಿಗಳು ಧರ್ಮ ಹರಡಲೆಂದೇ ಬಂದಿದ್ದರು, ಅದು ನಿಜ. ಆದರೆ ನಾನು ಹೋಗುವ ಹೊತ್ತಿಗೆ ಅಲ್ಲಿಯ ಚರ್ಚು ಅಲ್ಲಿಯವರದೇ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದ ಬುಕೋಬಾ ಕಡೆಯವರೇ ಆದ ಬಿಷಪ್ ಲಾರಿಯನ್ ರುಗಾಂಬ್ವಾ 1960ರಲ್ಲೇ ಕಾರ್ಡಿನಲ್, ಅಂದರೆ ಪೋಪರ ಕೆಳಗಿನ ದೊಡ್ಡ ಹುದ್ದೆಯವರು, ಆಗಿದ್ದರು. ನೆರೆಹೊರೆಯ ಹತ್ತಾರು ಮನೆಯವರು ಸೇರಿ ‘ಜುಮುಯಿಯಾ’ ಮಾಡಿಕೊಂಡು, ವಾರಕ್ಕೊಮ್ಮೆ ಯಾರದಾದರೂ ಅಂಗಳದಲ್ಲಿ ಪ್ರಾರ್ಥನೆ ಮಾಡುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಫೀಸು ಕಟ್ಟಲಾಗಿಲ್ಲ ಅನ್ನುವುದೂ ಅಲ್ಲೇ ತೀರ್ಮಾನ. ನನಗೆ ಅಲ್ಲಿ ಕಲಿಸುವುದಕ್ಕೆ ಏನೂ ಇರಲಿಲ್ಲ, ಹಿಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂರುತ್ತಿದ್ದೆ. ಡಿಸ್ಪೆನ್ಸರಿಗೆ ಬರುವವರಲ್ಲಿ ಮುಸ್ಲಿಮರಿದ್ದರು, ಹಿರಿಯರ ಪೂಜೆ ಮಾಡುವ ಸುಕುಮಾ ರೈತರಿದ್ದರು. ಮಲೇರಿಯಾ ಪರೀಕ್ಷೆಯ ಪಟ್ಟಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಇನ್ನು ಯಜಮಾನಿಕೆ ಕೇಳಿದರೆ, ನಮ್ಮ ಮೇಲಿದ್ದವರು ಅಲ್ಲಿಯದೇ ಪಾದ್ರಿ. ತಿಂಗಳ ಕೊನೆಗೆ ಔಷಧಿಯ ಲೆಕ್ಕ ಅವರ ಮುಂದೆ ಇಡಬೇಕಿತ್ತು. ಒಂದು ರಸೀದಿ ಕಡಿಮೆಯಾದರೂ ಬಿಡುತ್ತಿರಲಿಲ್ಲ.