ಮೈದುನನ ಮೇಲೆ ದೂರು ಕೊಡಲೇಬೇಕೇ?

ಪ್ರಶ್ನೆ: ಮೂರು ವರ್ಷದ ಹಿಂದೆ ವಿಸಿಟರ್ ವೀಸಾದಲ್ಲಿ ಬಂದ ನನ್ನ ಮೈದುನ ವಾಪಸ್ ಹೋಗಲೇ ಇಲ್ಲ. ಗ್ಯಾಸ್ ಸ್ಟೇಷನ್‌ನಲ್ಲಿ ಕ್ಯಾಶ್‌ಗೆ ದುಡಿಯುತ್ತಾ ನಮ್ಮ ಬೇಸ್‌ಮೆಂಟಿನಲ್ಲೇ ಇದ್ದಾನೆ. ಈಗ ದುಡ್ಡು ಕೊಟ್ಟು ಒಬ್ಬ ಅಮೆರಿಕನ್ ಮಹಿಳೆಯನ್ನು ಕಾಗದದ ಮೇಲೆ ಮದುವೆಯಾಗಲು ಹೊರಟಿದ್ದಾನೆ. ‘ಇಬ್ಬರೂ ನಮ್ಮ ಮನೆಯಲ್ಲೇ ಸಂಸಾರ ಮಾಡುತ್ತಿದ್ದಾರೆ ಅಂತ ಸಹಿ ಹಾಕಿಕೊಡಿ ಅತ್ತಿಗೆ’ ಎನ್ನುತ್ತಾನೆ. ನಾವು ಗ್ರೀನ್ ಕಾರ್ಡಿನವರು, ಮುಂದಿನ ವರ್ಷ ಪೌರತ್ವಕ್ಕೆ ಅರ್ಜಿ ಹಾಕಬೇಕು. ದೂರು ಕೊಡದಿದ್ದರೆ ನಾವೂ ಸಿಕ್ಕಿಬೀಳುತ್ತೇವೆಯೇ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಸಂಬಂಧಿಕರ ಮೇಲೆ ದೂರು ಕೊಡಲೇಬೇಕು ಎಂಬ ಕಾನೂನು ಅಮೆರಿಕದಲ್ಲಿ ಇಲ್ಲ. ಸುಮ್ಮನಿದ್ದ ಮಾತ್ರಕ್ಕೆ ನೀವು ಅಪರಾಧಿಗಳಾಗುವುದಿಲ್ಲ. ನಿಮಗೆ ನಿಜವಾದ ಅಪಾಯ ಇರುವುದು ಆ ಸಹಿಯಲ್ಲಿ.

ಮೊದಲು ಅವನ ಐ-94 ನೋಡಿ, ಅಂದರೆ ಒಳಬಂದಾಗ ಎಲ್ಲಿಯವರೆಗೆ ಇರಬಹುದು ಎಂದು ನಮೂದಿಸುವ ದಾಖಲೆ. ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನಲ್ಲಿ ಹತ್ತು ವರ್ಷ ಎಂದಿದ್ದರೂ ಒಂದು ಭೇಟಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಆ ತಾರೀಕು ಇರುವುದು ಐ-94ರಲ್ಲಿ, ಗಡಿ ತಪಾಸಣೆ ಇಲಾಖೆಯಾದ ಸಿಬಿಪಿಯ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಸ್ಟಾಂಪ್ ನೋಡಿ ಇನ್ನೂ ಟೈಮ್ ಇದೆ ಎಂದುಕೊಂಡೇ ಎಡವಿರುತ್ತಾರೆ.

ಕಾನೂನುಬದ್ಧವಾಗಿ ಬಂದವರು ಅವಧಿ ಮೀರಿ ಉಳಿಯುವುದು ಸಿವಿಲ್ ಉಲ್ಲಂಘನೆ, ಕ್ರಿಮಿನಲ್ ಅಪರಾಧವಲ್ಲ. ಆದರೆ ಶಿಕ್ಷೆ ಸಣ್ಣದಲ್ಲ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ದಾಟಿ ಹೊರಟರೆ ಹತ್ತು ವರ್ಷ ಮತ್ತೆ ಬರುವಂತಿಲ್ಲ. ನಿಷೇಧ ಶುರುವಾಗುವುದು ದೇಶ ಬಿಟ್ಟಾಗ. ಅದಕ್ಕೇ ಜನ ಹೊರಡಲು ಹೆದರುತ್ತಾರೆ, ಅಡ್ಡದಾರಿ ಹುಡುಕುತ್ತಾರೆ. ವೀಸಾದಲ್ಲಿ ತಪಾಸಣೆಯಾಗಿ ಬಂದವರು ಅಮೆರಿಕನ್ ಪ್ರಜೆಯನ್ನು ನಿಜವಾಗಿ ಮದುವೆಯಾದರೆ ಅವಧಿ ಮೀರಿದ್ದರೂ, ಕೆಲಸ ಮಾಡಿದ್ದರೂ ಇಲ್ಲಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ನಿಮ್ಮ ಮೈದುನನಿಗೆ ಆಸೆ ಹುಟ್ಟಿಸಿರುವುದು ಈ ದಾರಿಯೇ. ಅದೇ ಮದುವೆ ಸುಳ್ಳಾದರೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರಿನವರೆಗೆ ದಂಡ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ಒಮ್ಮೆ ನಕಲಿ ಮದುವೆ ಎಂದು ದಾಖಲಾದರೆ ಮುಂದೆ ನಿಜವಾದ ಹೆಂಡತಿ ಹಾಕಿದ ಅರ್ಜಿಯೂ ಮಂಜೂರಾಗುವುದಿಲ್ಲ. ಅವನನ್ನು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳಿ.

ಪೌರತ್ವದ ಎನ್-400 ಅರ್ಜಿಯಲ್ಲಿ, ಅಕ್ರಮವಾಗಿ ಒಳಬರಲು ಯಾರಿಗಾದರೂ ನೆರವಾದಿರಾ, ಸರ್ಕಾರಿ ಅಧಿಕಾರಿಗಳಿಗೆ ಸುಳ್ಳು ಮಾಹಿತಿ ಕೊಟ್ಟಿದ್ದೀರಾ ಎಂದು ಕೇಳುತ್ತಾರೆ. ಅವನು ಸರಿಯಾದ ವೀಸಾದಲ್ಲಿ ಬಂದವನು. ಅವನ ವೀಸಾಕ್ಕಾಗಿ ನೀವು ಸುಳ್ಳು ಹೇಳಿರದಿದ್ದರೆ ಎರಡಕ್ಕೂ ನಿರ್ಭಯವಾಗಿ ‘ಇಲ್ಲ’ ಎನ್ನಬಹುದು. ಸಹಿ ಹಾಕಿದ ದಿನ ಆ ಧೈರ್ಯ ಹೋಗುತ್ತದೆ. ಹಾಗಾಗಿ ಸಹಿ ಬೇಡವೇ ಬೇಡ. ‘ನಾನು ಹಾಕುವುದಿಲ್ಲ’ ಎಂದು ಮೆಸೇಜಿನಲ್ಲೇ ಬರೆದು ಕಳಿಸಿ, ಉಳಿಸಿಕೊಳ್ಳಿ. ಅಕ್ರಮವಾಗಿ ಉಳಿದವರನ್ನು ಅಧಿಕಾರಿಗಳಿಂದ ಬಚ್ಚಿಡುವುದು ಕ್ರಿಮಿನಲ್ ಅಪರಾಧ, ಐದು ವರ್ಷದವರೆಗೆ ಜೈಲು. ಹಣದ ಲಾಭಕ್ಕಾಗಿ ಆದರೆ ಹತ್ತು ವರ್ಷದವರೆಗೆ. ತಮ್ಮನೆಂದು ಮನೆಯಲ್ಲಿಟ್ಟುಕೊಂಡಿರುವುದು ಒಂದು, ಬಚ್ಚಿಡುವುದು ಇನ್ನೊಂದು. ಆದರೂ ಬೇಸ್‌ಮೆಂಟಿಗೆ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಅರ್ಜಿಗೆ ಮೊದಲೇ ವಕೀಲರಿಗೆ ತಿಳಿಸಿ.

ಇನ್ನು ದೂರಿನ ಮಾತು. ವಲಸೆ ಕಾನೂನು ಜಾರಿ ಮಾಡುವ ಐಸ್ ಇಲಾಖೆಯ 866-347-2423ಕ್ಕೆ ಹೆಸರು ಹೇಳದೆಯೂ ಫೋನ್ ಮಾಡಬಹುದು. ಅವರು ಕೇಳುವುದು ಅವನ ಹೆಸರು, ವಿಳಾಸ, ಕೆಲಸದ ಜಾಗ. ಆ ವಿಳಾಸ ನಿಮ್ಮದೇ ಎಂಬುದು ನೆನಪಿರಲಿ. ಕ್ರಮ ಕೈಗೊಂಡರೋ ಇಲ್ಲವೋ ಎಂದು ನಿಮಗೆ ಹೇಳುವುದಿಲ್ಲ. ನಾಳೆ ಸಿಟ್ಟಿಳಿದು ‘ಬೇಡ, ಬಿಡಿ’ ಎಂದರೂ ಹೇಳಿದ್ದು ಹೇಳಿದ್ದೇ. ಬರೀ ಅವಧಿ ಮೀರಿದ್ದಕ್ಕೆ, ಅದರಲ್ಲೂ ಮನೆಜಗಳದ ಕಾವಿನಲ್ಲಿ, ಈ ಫೋನ್ ಮಾಡಬೇಡಿ ಎಂಬುದೇ ನಮ್ಮ ಸ್ಪಷ್ಟ ಸಲಹೆ. ಅವನು ನಿಮ್ಮ ಹೆಸರಲ್ಲಿ ಸುಳ್ಳು ಪತ್ರ ಕೊಟ್ಟರೆ ಮಾತು ಬೇರೆ. ಆಗ ವಕೀಲರನ್ನು ಕಂಡು ಅವರ ಮೂಲಕವೇ ತಿಳಿಸಿ. ಗ್ಯಾಸ್ ಸ್ಟೇಷನ್‌ನವರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಹೆದರಿಸಿ ದುಡಿಸುತ್ತಿದ್ದಾರೆಯೇ ಎಂದೂ ಅವನನ್ನು ಕೇಳಿ. ಹಾಗಿದ್ದರೆ ಅವನೇ ಸಂತ್ರಸ್ತ, ಮಾನವ ಕಳ್ಳಸಾಗಣೆ ಸಹಾಯವಾಣಿ 888-373-7888.

ಪ್ರಶ್ನೆ: ಗಂಡ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ, ನಾನು ಅವನ ಹೆಂಡತಿಯಾಗಿ ಎಚ್-4 ವೀಸಾದಲ್ಲಿದ್ದೇನೆ. ಹೊಡೆಯುತ್ತಾನೆ, ಪಾಸ್‌ಪೋರ್ಟ್ ಬಚ್ಚಿಟ್ಟಿದ್ದಾನೆ. ಮಾತೆತ್ತಿದರೆ ‘ಇಮಿಗ್ರೇಷನ್‌ನವರಿಗೆ ಹೇಳಿ ಊರಿಗೆ ಓಡಿಸುತ್ತೇನೆ’ ಎನ್ನುತ್ತಾನೆ.
– ಹೆಸರು ಬೇಡ

ಉತ್ತರ: ಅಕ್ಕಾ, ನಿಮ್ಮ ಐ-94 ಅವಧಿ ಇದ್ದು, ಅವನ ಎಚ್-1ಬಿ ನಡೆಯುತ್ತಿದ್ದು, ಮದುವೆ ಊರ್ಜಿತವಾಗಿರುವವರೆಗೆ ನೀವು ಇಲ್ಲಿರುವುದು ಕಾನೂನುಬದ್ಧವೇ. ಓಡಿಸುವ ಅಧಿಕಾರ ಗಂಡನಿಗಿಲ್ಲ. ಹೊಡೆತ ಬಿದ್ದಾಗ 911, ಸಲಹೆಗೆ ಕೌಟುಂಬಿಕ ಹಿಂಸೆ ಸಹಾಯವಾಣಿ 800-799-7233. ದುಭಾಷಿ ಬೇಕೆಂದು ಕೇಳಿ. ಪೊಲೀಸ್ ರಿಪೋರ್ಟ್ ಪಡೆದರೆ ಪಾಸ್‌ಪೋರ್ಟಿಗಾಗಿ ಭಾರತೀಯ ಕಾನ್ಸುಲೇಟ್‌ಗೆ ಹೋಗಲೂ, ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾಗುವವರಿಗೆ ಸಿಗುವ ಯು ವೀಸಾಕ್ಕೂ ಆಧಾರವಾಗುತ್ತದೆ. ಯು ವೀಸಾ ವರ್ಷಕ್ಕೆ 10,000 ಮಾತ್ರ, ಬಹಳ ಕಾಯಬೇಕು. ವಿಚ್ಛೇದನ ಅಂತಿಮವಾದ ದಿನ ಎಚ್-4 ಮುಗಿಯುತ್ತದೆ, ಆದ್ದರಿಂದ ವಕೀಲರನ್ನು ಕಾಣದೆ ಅವನು ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ. ಐ-94, ಐ-797 ಮಂಜೂರಾತಿ ಪತ್ರ, ಮದುವೆ ಪ್ರಮಾಣಪತ್ರ, ಸಿಕ್ಕರೆ ಪಾಸ್‌ಪೋರ್ಟಿನ ಪುಟಗಳು, ಎಲ್ಲದರ ಫೋಟೊ ತೆಗೆದು ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಹೊಸ ಇಮೇಲ್‌ಗೆ ಇವತ್ತೇ ಕಳಿಸಿಕೊಳ್ಳಿ.