ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ತಪ್ಪು

ಪ್ರಶ್ನೆ: ಏಳನೆಯ ತರಗತಿವರೆಗೂ ಲೆಕ್ಕದಲ್ಲಿ ಚುರುಕಾಗಿದ್ದ ಮಗ ಬೀಜಗಣಿತ ಶುರುವಾದ ಮೇಲೆ ಮುಗ್ಗರಿಸುತ್ತಿದ್ದಾನೆ. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಟ್ಯೂಷನ್‌ಗೆ ಹಾಕಲೇ?

ಉತ್ತರ: ಅವಸರ ಬೇಡ. ಮೊದಲು 8 + 4 = __ + 5 ಎಂದು ಬರೆದು ಕೊಡಿ. ಖಾಲಿ ಜಾಗದಲ್ಲಿ 12 ಬರೆದರೆ, ಸಮ ಚಿಹ್ನೆಯನ್ನು ಅವನು ‘ಮುಂದೆ ಉತ್ತರ ಬರೆ’ ಎಂದು ಓದುತ್ತಿದ್ದಾನೆ ಎಂದರ್ಥ. ಎರಡೂ ಬದಿ ಸಮತೂಕ ಎಂಬುದು ಹೊಳೆದರಷ್ಟೇ 7 ಸಿಗುತ್ತದೆ. ಇದಿಲ್ಲದೆ ಸಮೀಕರಣ ಬಿಡಿಸುವುದು ಬರೀ ಅಂಕಿ ಆಚೀಚೆ ಸಾಗಿಸುವ ಆಟ.

ಎರಡನೆಯದು ಋಣ ಚಿಹ್ನೆ. 5 − 2(ಅ − 3) ಬಿಡಿಸುವಾಗ 5 − 2ಅ − 6 ಎಂದು ಬರೆಯುವವರೇ ಹೆಚ್ಚು. ಆವರಣದೊಳಗಿನ −3ನ್ನು ಗುಣಿಸಬೇಕಾದದ್ದು 2ರಿಂದಲ್ಲ, −2ರಿಂದ. ಆದ್ದರಿಂದ +6, ಒಟ್ಟು 11 − 2ಅ. ಅನುಮಾನ ಬಂದರೆ ಅ = 4 ಹಾಕಿ ನೋಡಲಿ: ಮೂಲದಲ್ಲೂ 3, 11 − 8ರಲ್ಲೂ 3. ತಪ್ಪು ಸಾಲಿನಲ್ಲಿ −9. ಈ ತಾಳೆ ನೋಡುವ ಅಭ್ಯಾಸ ಹತ್ತು ಸೂತ್ರಗಳಿಗಿಂತ ಮೇಲು.

ಭಿನ್ನರಾಶಿಯನ್ನೂ ಕೆದಕಿ: 1/2 + 1/3ಕ್ಕೆ 2/5 ಎನ್ನುತ್ತಾನೆಯೇ? ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಬಂದೀತೇ ಎಂದು ಕೇಳಿ. ತಪ್ಪನ್ನು ಅಳಿಸಲು ಬಿಡಬೇಡಿ, ಪಕ್ಕದಲ್ಲೇ ಸರಿ ಸಾಲು ಬರೆಸಿ.